ಪೊಲೀಸ್ ಮುಖ್ಯಸ್ಥರ ರಾಜೀನಾಮೆ: ಸಾವಿಗೆ ಉತ್ತರ ಕೊಟ್ಟವರು ಯಾರು?

ಲಂಡನ್ ಮಹಾನಗರದ ಪೊಲೀಸ್ ಕಮಿಷನರ್ ಸರ್ ಇಯಾನ್ ಬ್ಲೇರ್ 2008ರ ಅಕ್ಟೋಬರ್ 2ರಂದು ರಾಜೀನಾಮೆ ಪ್ರಕಟಿಸಿದರು. ಅಧಿಕಾರದಲ್ಲಿರುವವರ ಹೊಣೆಗಾರಿಕೆಯ ಬಗ್ಗೆ ಈ ಪ್ರಕರಣ ಎತ್ತಿದ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಬ್ಲೇರ್ 1974ರಲ್ಲಿ ಪೊಲೀಸ್ ಸೇವೆಗೆ ಸೇರಿದರು. 1998ರಲ್ಲಿ ಸರ್ರೆ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥರಾಗಿ, 2005ರ ಫೆಬ್ರವರಿಯಲ್ಲಿ ಲಂಡನ್ ಕಮಿಷನರ್ ಆದರು. ಅದೇ ವರ್ಷದ ಜುಲೈ 7ರ ಬಾಂಬ್ ದಾಳಿಯಲ್ಲಿ 52 ಮಂದಿ ಅಮಾಯಕರು ಬಲಿಯಾದರು. ಜುಲೈ 21ರಂದು ಮತ್ತೊಂದು ದಾಳಿಯ ಯತ್ನ ವಿಫಲವಾಯಿತು. ಮರುದಿನ ಸ್ಟಾಕ್‌ವೆಲ್ ನಿಲ್ದಾಣದ ರೈಲಿನೊಳಗೆ ಪೊಲೀಸರು ಶಂಕಿತ ಉಗ್ರನೆಂದು ತಪ್ಪು ತಿಳಿದು 27 ವರ್ಷದ ಜೀನ್ ಚಾರ್ಲ್ಸ್ ಡಿ ಮೆನೆಜೆಸ್ ಎಂಬ ಯುವಕನನ್ನು ಗುಂಡಿಕ್ಕಿ ಕೊಂದರು. ಹೊಟ್ಟೆಪಾಡಿಗಾಗಿ ಬ್ರೆಜಿಲ್‌ನಿಂದ ಬಂದಿದ್ದ ಆತ ಎಲೆಕ್ಟ್ರಿಷಿಯನ್. ಮಕ್ಕಳನ್ನು ದುಡಿಮೆಗಾಗಿ ಪರದೇಶಕ್ಕೆ ಕಳುಹಿಸಿರುವ ನಮ್ಮ ಕರಾವಳಿಯ ಮನೆಗಳಿಗೆ ಆ ತಂದೆತಾಯಿಯ ನೋವನ್ನು ವಿವರಿಸಬೇಕಾಗಿಲ್ಲ.

ನಂತರ ನಡೆದದ್ದೇನು? 2007ರಲ್ಲಿ ನ್ಯಾಯಾಲಯವು ಪೊಲೀಸ್ ಇಲಾಖೆಯನ್ನು ತಪ್ಪಿತಸ್ಥ ಎಂದು ಘೋಷಿಸಿ 1,75,000 ಪೌಂಡ್ ದಂಡ ವಿಧಿಸಿತು. ಆದರೆ ವೈಯಕ್ತಿಕವಾಗಿ ಯಾವ ಅಧಿಕಾರಿಯ ಮೇಲೂ ಮೊಕದ್ದಮೆ ನಡೆಯಲಿಲ್ಲ. ಬ್ಲೇರ್ ಕುರ್ಚಿ ಬಿಟ್ಟದ್ದೂ ಈ ಸಾವಿಗಾಗಿ ಅಲ್ಲ. ಹೊಸ ಮೇಯರ್ ಬೋರಿಸ್ ಜಾನ್ಸನ್ ಅವರಿಗೆ ಹೊಸ ನಾಯಕತ್ವ ಬೇಕಾಗಿತ್ತು; ಅದಕ್ಕಾಗಿ ಹೋಗುತ್ತಿದ್ದೇನೆ ಎಂದು ಅವರೇ ಸ್ಪಷ್ಟಪಡಿಸಿದರು. ಮೆನೆಜೆಸ್ ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಕ್ರೆಸಿಡಾ ಡಿಕ್ ಅವರಲ್ಲಿ ವೈಯಕ್ತಿಕ ತಪ್ಪಿಲ್ಲವೆಂದು ತೀರ್ಪುಗಾರರ ಮಂಡಳಿ ಹೇಳಿತ್ತು. 2017ರಲ್ಲಿ ಅವರೇ ಕಮಿಷನರ್ ಆದರು. 2022ರಲ್ಲಿ ಇನ್ನೊಬ್ಬ ಮೇಯರ್‌ನ ವಿಶ್ವಾಸ ಕಳೆದುಕೊಂಡು ಅವರೂ ರಾಜೀನಾಮೆ ಪ್ರಕಟಿಸಿದರು.

ಭಯೋತ್ಪಾದನೆಯ ಆ ದಿನಗಳಲ್ಲಿ ಕ್ಷಣಾರ್ಧದಲ್ಲಿ ನಿರ್ಧಾರ ಕೈಗೊಳ್ಳಬೇಕಾದ ಪೊಲೀಸರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಲಾಖೆ ದಂಡ ಕಟ್ಟಿತು, ಮುಖ್ಯಸ್ಥರು ರಾಜಕೀಯ ಕಾರಣಕ್ಕೆ ಹೋದರು. ಒಂದು ಜೀವಕ್ಕೆ 'ನಾನು ಹೊಣೆ' ಎನ್ನುವವರು ಮಾತ್ರ ಸಿಗಲಿಲ್ಲ. ರಾಜೀನಾಮೆ ಮತ್ತು ಹೊಣೆಗಾರಿಕೆ ಒಂದೇ ಅಲ್ಲ ಎಂಬುದು ಇಲ್ಲಿನ ಪಾಠ.

ಪಾಪನಿವೇದನೆಯಲ್ಲಿ ಯಾರೂ 'ನಮ್ಮ ಸಂಸ್ಥೆಯಿಂದ ತಪ್ಪಾಯಿತು' ಎನ್ನುವುದಿಲ್ಲ, 'ನಾನು ತಪ್ಪಿದೆ' ಎಂದೇ ಹೇಳಬೇಕು. ಶಾಲೆ, ಆಸ್ಪತ್ರೆ, ಸಂಘ, ಪಾಲನಾ ಪರಿಷತ್ತುಗಳಲ್ಲಿ ಸ್ಥಾನ ಹೊಂದಿರುವ ನಮಗೂ ಈ ಮಾತು ಅನ್ವಯಿಸುತ್ತದೆ. ಅನ್ಯಾಯಕ್ಕೊಳಗಾದವರು ಬಾಗಿಲು ತಟ್ಟಿದಾಗ ಆಡಳಿತ ಮಂಡಳಿಯ ಕಡೆ ಬೆರಳು ತೋರಿಸದೆ ಎದ್ದು ನಿಂತು ಉತ್ತರ ಕೊಡುವವರೇ ನಿಜವಾದ ಸೇವಕರು.