ಲೈಟ್ ಹತ್ತಿದರೆ ಕಲಬುರಗಿಗೇ ಓಡಬೇಕೆ?

ತೊಗರಿ ರಾಶಿಯ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಗೂಡ್ಸ್ ಗಾಡಿಗಳಿಗೆ ಬಿಡುವೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಸ್ಪೀಡೋಮೀಟರ್ ಪಕ್ಕ ಎಂಜಿನ್ ಆಕಾರದ ಹಳದಿ ಲೈಟ್ ಹತ್ತಿತೆಂದರೆ ಮಾಲೀಕರ ಎದೆ ಧಸಕ್ಕೆನ್ನುತ್ತದೆ. 'ಇದು ಸೆನ್ಸರ್ ಗಾಡಿ, ಕಲಬುರಗಿಗೇ ಒಯ್ಯಿರಿ' ಎನ್ನುವುದು ಊರಿನ ಮೆಕ್ಯಾನಿಕ್‌ಗಳ ಮಾಮೂಲಿ ಮಾತು. ಆಳಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿ.ಮೀ. ಅಫಜಲಪುರದಿಂದ ಇನ್ನೂ ದೂರ. ಆ ದಿನದ ಬಾಡಿಗೆ ಹೋದಂತೆಯೇ.

2020ರ ಏಪ್ರಿಲ್ 1ರಿಂದ ಬಿಎಸ್–6 ನಿಯಮ ಜಾರಿಗೆ ಬಂತು. ಈಗಿನ ಬಹುತೇಕ ಗಾಡಿಗಳಲ್ಲಿ ಎಂಜಿನ್‌ಗೆ ಎಷ್ಟು ಇಂಧನ, ಯಾವಾಗ ಹೋಗಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಸೆನ್ಸರ್‌ಗಳು ಕೊಡುವ ಲೆಕ್ಕ ತಾಳೆಯಾಗದಿದ್ದರೆ ಅದು ಒಂದು ಕೋಡ್ ಬರೆದಿಟ್ಟುಕೊಂಡು ಲೈಟ್ ಹಚ್ಚುತ್ತದೆ. ಸ್ಕ್ಯಾನರ್ ಜೋಡಿಸಿದರೆ ಆ ಕೋಡ್ ಕಾಣುತ್ತದೆ.

ಆದರೆ ಕೋಡ್ ಓದಿದಾಕ್ಷಣ ರೋಗ ಗೊತ್ತಾಯಿತೆಂದಲ್ಲ. ಥರ್ಮಾಮೀಟರ್ ಜ್ವರ ತೋರಿಸುತ್ತದೆ. ಮಲೇರಿಯಾವೋ ಟೈಫಾಯ್ಡೋ ಹೇಳುವುದಿಲ್ಲ. ಪಿ0171 ಬಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂದರ್ಥ. ಕಾರಣ ಹರಿದ ಗಾಳಿ ಪೈಪ್ ಇರಬಹುದು, ಕಟ್ಟಿಕೊಂಡ ಫಿಲ್ಟರ್ ಇರಬಹುದು, ಸೋತ ಪಂಪ್ ಇರಬಹುದು. ಪಿ0335 ಕ್ರ್ಯಾಂಕ್ ಸೆನ್ಸರ್‌ನ ಸರ್ಕಿಟ್‌ನತ್ತ ಬೆರಳು ತೋರಿಸುತ್ತದೆ. ಸರ್ಕಿಟ್ ಎಂದರೆ ಸೆನ್ಸರ್ ಜೊತೆ ವಯರ್, ಕನೆಕ್ಟರ್ ಎಲ್ಲವೂ ಸೇರಿತು.

ನಮ್ಮ ಸೋದರಮಾವನ ಗಾಡಿಗೆ ಇದೇ ಕೋಡ್ ಬಂದಿತ್ತು. ನಗರದ ಗ್ಯಾರೇಜೊಂದರಲ್ಲಿ ಹೊಸ ಸೆನ್ಸರ್ ಹಾಕಿ, ಕೋಡ್ ಅಳಿಸಿ, ಬಿಲ್ ಕೊಟ್ಟರು. ವಾರದೊಳಗೆ ಮತ್ತೆ ಲೈಟ್. ಕೊನೆಗೆ ಊರಿನ ಆಟೊ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ವಯರ್ ಪರೀಕ್ಷಿಸಿದರು. ಇಲಿ ಕಡಿದಿತ್ತು! ನೂರಾರು ಗಾಡಿ ಬಿಚ್ಚಿದ ಕೈಗಳು ನಮ್ಮಲ್ಲೇ ಇವೆ. ಇಲ್ಲದಿರುವುದು ಸರ್ಕಿಟ್ ಚಿತ್ರ, ತರಬೇತಿ ಮತ್ತು ಒಳ್ಳೆಯ ಸ್ಕ್ಯಾನರ್.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲೇ ಜನರು ಮತ ಹಾಕಿ ಗಾಡಿ ರಿಪೇರಿ ಮಾಹಿತಿಯ ಹಕ್ಕು ಪಡೆದರು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಆದರೆ ತಾಲ್ಲೂಕಿನ ಗ್ಯಾರೇಜ್‌ಗೆ ಬೇಕಾದದ್ದು ಕನ್ನಡದಲ್ಲಿ ವಿವರಿಸಿದ ವೈರಿಂಗ್ ಚಿತ್ರ.

ಮಾಹಿತಿ ಬಿಟ್ಟುಕೊಟ್ಟರೆ ಯಾರ್‍ಯಾರೋ ಇಸಿಯು ಕೆಡಿಸುತ್ತಾರೆ ಎಂಬ ಆತಂಕ ಸುಳ್ಳಲ್ಲ. ಆದರೆ ದೋಷ ಹುಡುಕಲು ಇಸಿಯುವಿನ ಪ್ರೋಗ್ರಾಮ್ ಮುಟ್ಟಬೇಕಿಲ್ಲ. ಗೊತ್ತಿಲ್ಲದೆ ಕೋಡ್ ಅಳಿಸಿ ಕಳಿಸುವುದೇ ಹೆಚ್ಚು ಅಪಾಯ.

ಈ ಮೂರು ತಾಲ್ಲೂಕುಗಳ ಮೆಕ್ಯಾನಿಕ್‌ಗಳಿಗೆ ಐಟಿಐಗಳಲ್ಲಿ ಭಾನುವಾರದ ತರಗತಿ ನಡೆಸಲಿ, ಸ್ಕ್ಯಾನರ್ ಕೊಳ್ಳಲು ಸಾಲ ಸಿಗಲಿ. ಪಾಠ ಹೇಳಲು ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೋಗೋಣ. ಅವರಿಂದ ಸ್ಪ್ಯಾನರ್ ಹಿಡಿಯುವುದನ್ನು ನಾವೂ ಕಲಿಯುವುದಿದೆ.