ನರಳಾಟವನ್ನು ಉದ್ದ ಮಾಡಿದರೆ ಋಣ ತೀರುವುದಿಲ್ಲ

ವಾಸಿಯಾಗದ ಕಾಯಿಲೆಯಿಂದ ನರಳುವ ನಾಯಿ, ಬೆಕ್ಕಿಗೆ ಪಶುವೈದ್ಯರಿಂದ ದಯಾಮರಣ ಕೊಡಿಸುವುದು ತಪ್ಪಲ್ಲ ಎಂದಾಗಲೆಲ್ಲ ಅವೇ ಆಕ್ಷೇಪಗಳು ಏಳುತ್ತವೆ. ಅವನ್ನು ಎತ್ತುವವರೂ ಪ್ರಾಣಿಗಳ ಮೇಲೆ ಮಮತೆ ಉಳ್ಳವರೇ. ಆದ್ದರಿಂದ ಒಂದೊಂದಕ್ಕೂ ನೇರವಾಗಿ ಉತ್ತರಿಸುತ್ತೇನೆ.

1. "ಋಣ ಇರುವಷ್ಟು ದಿನ ಇರಲಿ, ಪ್ರಾಣ ತೆಗೆಯಲು ನಾವ್ಯಾರು?"

ಕಾಯಿಲೆಯನ್ನು ಅದರ ಪಾಡಿಗೆ ನಾವು ಬಿಟ್ಟಿರುವುದೇ ಇಲ್ಲ. ದಿನ ಬಿಟ್ಟು ದಿನ ಡ್ರಿಪ್ ಹಾಕಿಸುವವರು, ಸಿರಿಂಜಿನಲ್ಲಿ ಬಾಯಿಗೆ ಗಂಜಿ ಬಿಡುವವರು ನಾವೇ. ಗುಣವಾಗುವ ಆಸೆ ಇದ್ದಾಗ ಅದು ಆರೈಕೆ. ಆಸೆ ಇಲ್ಲವೆಂದು ವೈದ್ಯರು ಹೇಳಿದ ಮೇಲೂ ಸಾವನ್ನು ಮುಂದೂಡುತ್ತ ಹೋದರೆ ಅದು ನಮ್ಮ ತೀರ್ಮಾನ. ಅದನ್ನು ಋಣದ ಮೇಲೆ ಹೊರಿಸುವುದು ಸರಿಯಲ್ಲ.

2. "ಇದು ಹಿಂಸೆ."

1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಮಗ್ಗುಲು ಬದಲಿಸಲೂ ಆಗದೆ ನರಳುತ್ತಿತ್ತು. ಬದುಕುವ ಭರವಸೆ ಇಲ್ಲವೆಂದು ಖಚಿತವಾದ ಮೇಲೆ ಗಾಂಧೀಜಿ ಚುಚ್ಚುಮದ್ದು ಕೊಡಿಸಿ ಅದರ ನೋವು ಮುಗಿಸಿದರು. ದೇಶದಲ್ಲಿ ಗದ್ದಲವೆದ್ದಿತು. ಅವರು ಹಿಂಜರಿಯದೆ ತಮ್ಮ ಪತ್ರಿಕೆಗಳಲ್ಲಿ ಟೀಕಾಕಾರರಿಗೆ ಉತ್ತರ ಬರೆದರು. ಸ್ವಾರ್ಥಕ್ಕೋ ಸಿಟ್ಟಿಗೋ ನೋಯಿಸುವುದು ಹಿಂಸೆ. ಬೇರೆ ದಾರಿಯೇ ಇಲ್ಲದಾಗ ನೋವು ನೀಗಿಸುವುದು ಹಿಂಸೆಯಲ್ಲ.

3. "ಇನ್ನೂ ಬಾಲ ಆಡಿಸುತ್ತದಲ್ಲ!"

ಒಡೆಯನ ದನಿ ಕೇಳಿದರೆ ನಾಯಿ ನೋವಿನಲ್ಲೂ ಬಾಲ ಆಡಿಸುತ್ತದೆ. ಬೆಕ್ಕು ನೋವಿದ್ದಾಗಲೂ ಗುರುಗುಟ್ಟುವುದುಂಟು. ಕಿಡ್ನಿ ಪೂರ್ತಿ ಸೋತ ನಾಯಿಯನ್ನು ಹತ್ತಿರ ಕೂತು ನೋಡಿ: ಬಾಯಿಂದ ಮೂತ್ರದಂಥ ವಾಸನೆ, ಒಸಡಿನಲ್ಲಿ ಹುಣ್ಣು, ಇಷ್ಟದ ಕೋಳಿ ಸಾರನ್ನ ಮುಂದಿಟ್ಟರೆ ಮೂಸಿ ಮುಖ ತಿರುಗಿಸುತ್ತದೆ. ಏಳಲಾಗದೆ ಮಲಗಿದಲ್ಲೇ ಒದ್ದೆ ಮಾಡಿಕೊಂಡು ಮೊಣಕೈ, ಸೊಂಟದ ಚರ್ಮ ಕಿತ್ತುಹೋಗಿರುತ್ತದೆ. ಬಾಲವೊಂದನ್ನೇ ನೋಡಿದರೆ ಇದಾವುದೂ ಕಾಣುವುದಿಲ್ಲ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೊಬೋಸ್ ರೂಪಿಸಿದ ಅಳತೆಯಲ್ಲಿ ಏಳು ಅಂಶಗಳಿವೆ: ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೂ ಗರಿಷ್ಠ ಹತ್ತು ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಹೆಚ್ಚು. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಉಸಿರಾಟದ ಕಷ್ಟವೂ ನೋವಿನ ಲೆಕ್ಕಕ್ಕೇ ಸೇರುತ್ತದೆ.

4. "ಕಾನೂನು ಒಪ್ಪುವುದಿಲ್ಲ."

ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವುದು ಸಾಕಿದವರ ಕರ್ತವ್ಯ ಎನ್ನುತ್ತದೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿ ಉಂಟೆಂದು ಅದರ 13ನೇ ಸೆಕ್ಷನ್ ಒಪ್ಪಿಕೊಂಡಿದೆ. ಅದೇ ಕಾಯ್ದೆಯಡಿ ಬಂದ 2023ರ ನಿಯಮಗಳಲ್ಲಿ ಗುಣವಾಗದ ಕಾಯಿಲೆಯ ಬೀದಿನಾಯಿಗೂ ಪಶುವೈದ್ಯರ ಮೂಲಕ ದಯಾಮರಣಕ್ಕೆ ಅವಕಾಶವಿದೆ.

5. "ಖರ್ಚು, ಚಾಕರಿ ತಪ್ಪಿಸಿಕೊಳ್ಳಲು ಇದೊಂದು ನೆಪ."

ಹಾಗೆ ನೆಪ ಹುಡುಕುವವರು ಇದ್ದಾರೆ. ಅವರ ವಿಷಯದಲ್ಲಿ ಈ ಆಕ್ಷೇಪ ನ್ಯಾಯವೇ. ಮುಪ್ಪು ಕಾಯಿಲೆಯಲ್ಲ. ಕಣ್ಣು ಹೋದ ನಾಯಿ ಮನೆಯ ದಾರಿಯನ್ನು ಮೂಗಿನಿಂದಲೇ ಹಿಡಿಯುತ್ತದೆ, ಮೂರು ಕಾಲಿನದು ಓಡುತ್ತದೆ. ಇಂಥವಕ್ಕೆ ಬೇಕಾದದ್ದು ಆರೈಕೆ. ಕಾಯಿಲೆ ಗಂಭೀರವಿದ್ದರೂ ಮೊದಲು ನೋವು ಇಳಿಸುವ ಔಷಧ ಕೇಳಬೇಕು, ಇನ್ನೊಬ್ಬ ವೈದ್ಯರಿಗೂ ತೋರಿಸಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲನ್ನು ಮಾತ್ರ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಆದರೆ ಮೋಸಗಾರರಿದ್ದಾರೆಂಬ ಕಾರಣಕ್ಕೆ, ಪ್ರೀತಿಯಿಂದ ಸಾಕಿದವರ ಮುಂದಿರುವ ಕೊನೆಯ ದಾರಿಯನ್ನೂ ಮುಚ್ಚುವುದು ನ್ಯಾಯವಲ್ಲ.

ನಿಮ್ಮ ಮನೆಯಲ್ಲಿ ಇಂಥ ಜೀವವೊಂದಿದ್ದರೆ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ಗುರುತು ಹಾಕುತ್ತ ಬನ್ನಿ. ಕೆಟ್ಟವೇ ಹೆಚ್ಚಾದರೆ ವೈದ್ಯರ ಹತ್ತಿರ ನೀವೇ ಮಾತು ತೆಗೆಯಿರಿ. ಇಂಜೆಕ್ಷನ್ ಕೊಡುವಾಗ ಹೊರಗೆ ನಿಲ್ಲದೆ ಅದರ ಪಕ್ಕದಲ್ಲೇ ಇರಿ. ಸಾಕಿದವರು ಕೊನೆಯದಾಗಿ ಸಲ್ಲಿಸಬೇಕಾದ ಸೇವೆ ಅದೇ.