‘ಇನ್ನೂ ಆಗಿಲ್ಲ’ ಎನ್ನುವವರು ಯಾರು?

ಲಾರಿ ಓಡಿಸಲು ಕಲಿಸುವವನಿಗೆ ಏನೇನು ಗೊತ್ತಿರಬೇಕು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದಕ್ಕೊಂದು ಪಟ್ಟಿ ಕೊಡುತ್ತವೆ. ಹತ್ತನೇ ತರಗತಿ ಪಾಸಾಗಿರಬೇಕು, ಐದು ವರ್ಷ ವಾಹನ ಓಡಿಸಿರಬೇಕು, ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟ್ ಇರಬೇಕು, ವಾಹನದ ಭಾಗಗಳನ್ನು ತೋರಿಸಿ ವಿವರಿಸಲು ಬರಬೇಕು. ಎಲ್ಲವೂ ಬೇಕಾದದ್ದೇ. ಆದರೆ ತರಬೇತುದಾರನ ಕೆಲಸದ ತಿರುಳು ಈ ಪಟ್ಟಿಯಲ್ಲಿಲ್ಲ. ಎದುರಿಗಿರುವ ಹುಡುಗನಿಗೆ ‘ನೀನಿನ್ನೂ ತಯಾರಾಗಿಲ್ಲ’ ಎಂದು ಹೇಳುವ ಅಧಿಕಾರ ಆತನಿಗಿದೆಯೇ? ಇಲ್ಲದಿದ್ದರೆ ಉಳಿದ ಅರ್ಹತೆಗಳಿಂದ ರಸ್ತೆಗೆ ಆಗುವ ಪ್ರಯೋಜನ ಕಡಿಮೆ.

ಡ್ರೈವಿಂಗ್ ಶಾಲೆಗಳು ಹೆಚ್ಚುವ ಮುಂಚೆ ಈ ಅಧಿಕಾರ ಡ್ರೈವರನ ಕೈಯಲ್ಲಿತ್ತು. ಹುಡುಗ ಕ್ಲೀನರ್ ಆಗಿ ಲಾರಿ ಹತ್ತುತ್ತಿದ್ದ. ಗಾಜು ಒರೆಸಿ, ಟೈರು ಬಡಿದು ಗಾಳಿ ನೋಡಿ, ಏರಿನಲ್ಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಟ್ಟು, ರಿವರ್ಸ್ ತೆಗೆಯುವಾಗ ‘ಬರ್ಲಿ ಬರ್ಲಿ’ ಎಂದು ಕೂಗಿ, ವರ್ಷಗಟ್ಟಲೆ ದುಡಿದ ಮೇಲೆ ಖಾಲಿ ರಸ್ತೆಯಲ್ಲಿ ಎಂದೋ ಒಮ್ಮೆ ಸ್ಟೇರಿಂಗ್ ಸಿಗುತ್ತಿತ್ತು. ಈ ಪದ್ಧತಿಯನ್ನು ಹಾಡಿ ಹೊಗಳಬೇಕಿಲ್ಲ. ಬೈಗುಳ, ಏಟು, ಅರೆನಿದ್ದೆ ಅದರಲ್ಲಿ ಸೇರಿದ್ದವು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವಂಥ ಕೆಟ್ಟ ಚಾಳಿಗಳೂ ಗುರುವಿನಿಂದ ಶಿಷ್ಯನಿಗೆ ಬರುತ್ತಿದ್ದವು. ಆದರೂ ಅದಕ್ಕೊಂದು ಗುಣವಿತ್ತು: ಕಲಿಯುವವನು ತಪ್ಪಿದರೆ ಪಕ್ಕದಲ್ಲಿ ಕುಳಿತವನ ಜೀವಕ್ಕೂ ಅನ್ನಕ್ಕೂ ಸಂಚಕಾರ. ಹಾಗಾಗಿ ತನಗೆ ಖಾತ್ರಿಯಾಗುವವರೆಗೆ ಆತ ಸ್ಟೇರಿಂಗ್ ಬಿಟ್ಟುಕೊಡುತ್ತಿರಲಿಲ್ಲ.

ಶಾಲೆಯಲ್ಲಿ ಲೆಕ್ಕಾಚಾರ ಬೇರೆ. ಅದೇ ನಿಯಮಗಳ ಪ್ರಕಾರ ಸಾರಿಗೆ ವಾಹನದ ತರಬೇತಿ ಕನಿಷ್ಠ 30 ದಿನ; ಅದರಲ್ಲಿ ವಾಹನ ಓಡಿಸುವುದು ಕನಿಷ್ಠ 15 ಗಂಟೆ. ಕೊನೆಗೆ ಶಾಲೆ ಕೊಡುವ ಫಾರಂ 5 ಎಂಬ ಪ್ರಮಾಣಪತ್ರ ಹಿಡಿದು ಹುಡುಗ ಆರ್‌ಟಿಒಗೆ ಹೋಗಬೇಕು. ‘ಇವನಿಗೆ ಕಲಿಸಿದ್ದೇವೆ’ ಎಂದು ಶಾಲೆ ಊರಿಗೆಲ್ಲ ಹೇಳುವ ಸಾಕ್ಷಿ ಅದು. ಆದರೆ ಸಾಕ್ಷಿ ಹೇಳುವವರಿಗೆ ಫೀಸು ಕಟ್ಟಿರುವವನು ಅದೇ ಹುಡುಗ. ಅವನಿಗೆ ಲೈಸೆನ್ಸ್ ಬೇಕು, ಶಾಲೆಯ ಮಾಲೀಕರಿಗೆ ಮುಂದಿನ ಬ್ಯಾಚು ಬೇಕು. ನಡುವೆ ಸಂಬಳಕ್ಕಿರುವ ತರಬೇತುದಾರ ‘ಇನ್ನೂ ಆಗಿಲ್ಲ’ ಎಂದರೆ ಇಬ್ಬರಿಗೂ ಬೇಡವಾಗುತ್ತಾನೆ.

ನಿಗದಿಪಡಿಸಿದ ಗಂಟೆಗಳು ತುಂಬಿದರೆ ಸಾಲದೇ ಎಂದು ಕೇಳಬಹುದು. ಹೆವಿ ಲೈಸೆನ್ಸಿಗೆ ಬರುವವನು ಮೊದಲೇ ಲಘು ವಾಹನದ ಲೈಸೆನ್ಸ್ ಪಡೆದು ವರ್ಷ ಕಳೆದವನು. ಕೈಯಲ್ಲಿ ಕಾರಿನ ಅಭ್ಯಾಸ ಕುಳಿತಿರುತ್ತದೆ. ಲಾರಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡು ಬಿಟ್ಟು ಒಳಗೆ ಬರುತ್ತದೆ, ಎಡಪಕ್ಕದ ಬೈಕಿನವನು ಕನ್ನಡಿಗೆ ಸಿಗುವುದಿಲ್ಲ. ಇದನ್ನು ಬಾಯಲ್ಲಿ ಒಪ್ಪಿಸುವವನಿಗೂ ಕೈ ಮಾತು ಕೇಳಬೇಕಲ್ಲ! ಇನ್ನು ಶಾಲೆಯ ಲಾರಿ ಸಾಮಾನ್ಯವಾಗಿ ಖಾಲಿ. ನಾಳೆ ಅವನು ಓಡಿಸುವ ಹತ್ತು ಚಕ್ರದ ಲಾರಿಗೆ 2018ರ ಪರಿಷ್ಕರಣೆಯಂತೆ ಲೋಡು ಸೇರಿ 28.5 ಟನ್ ತೂಗಲು ಅನುಮತಿಯಿದೆ. ಅಷ್ಟು ಭಾರ ಹೊತ್ತು ಶಿರಾಡಿ ಘಾಟಿ ಇಳಿಯುವಾಗ ಬ್ರೇಕನ್ನೇ ನಂಬಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಪದೇ ಪದೇ ಒತ್ತಿದರೆ ಟ್ಯಾಂಕಿನ ಗಾಳಿಯ ಒತ್ತಡವೂ ಇಳಿಯುತ್ತದೆ. ಇಳಿಜಾರು ಶುರುವಾಗುವ ಮೊದಲೇ ಚಿಕ್ಕ ಗೇರಿಗೆ ಬಂದು, ಎಂಜಿನ್ನೇ ಲಾರಿಯನ್ನು ತಡೆಯುವಂತೆ ಮಾಡಬೇಕು. ಒಬ್ಬನಿಗೆ ಇದು ಹತ್ತು ಗಂಟೆಯಲ್ಲಿ ಮೈಗೂಡೀತು, ಇನ್ನೊಬ್ಬನಿಗೆ ನಲವತ್ತಾದರೂ ಆಗದು. ವ್ಯತ್ಯಾಸ ಗೊತ್ತಾಗುವುದು ಪಕ್ಕದ ಸೀಟಿನಲ್ಲಿ ಕುಳಿತವನಿಗೆ ಮಾತ್ರ.

ಸರ್ಕಾರಕ್ಕೂ ಹಳೆಯ ವ್ಯವಸ್ಥೆಯ ಕೊರತೆ ತಿಳಿದಿದೆ. 2021ರ ಜುಲೈ 1ರಿಂದ ಜಾರಿಯಾದ ನಿಯಮಗಳು ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಸಿಮ್ಯುಲೇಟರ್, ಪ್ರತ್ಯೇಕ ಟ್ರ್ಯಾಕ್ ಕಡ್ಡಾಯ ಮಾಡಿದವು. ಭಾರಿ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆಗಳ ಕೋರ್ಸ್ ನಿಗದಿ ಮಾಡಿದವು. ಇದು ಒಳ್ಳೆಯ ಹೆಜ್ಜೆ. ಆದರೆ ಅಲ್ಲಿ ಪಾಸಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿಯೂ ಸಿಕ್ಕಿತು. ಕಲಿಸುವ, ಪರೀಕ್ಷಿಸುವ, ಫೀಸು ಪಡೆಯುವ ಮೂರೂ ಕೆಲಸಗಳು ಒಂದೇ ಸೂರಿನಡಿ ಸೇರಿದವು.

ಅಮೆರಿಕ ಬೇರೆ ದಾರಿ ಹಿಡಿದಿದೆ. 2022ರ ಫೆಬ್ರವರಿ 7ರಿಂದ ಅಲ್ಲಿ ಹೊಸ ಟ್ರಕ್ ಚಾಲಕರಿಗೆ ತರಬೇತಿ ಕಡ್ಡಾಯ. ಆದರೆ ಇಷ್ಟೇ ಗಂಟೆ ಎಂಬ ಕೇಂದ್ರ ನಿಯಮವಿಲ್ಲ. ಪ್ರತಿ ಕೌಶಲವನ್ನೂ ತರಬೇತುದಾರ ಗಮನಿಸಿ, ಇವನಿಗೆ ಬಂದಿದೆ ಎಂದು ದಾಖಲಿಸಬೇಕು. ಬಳಿಕ ರಾಜ್ಯದ ಚಾಲನಾ ಪರೀಕ್ಷೆ ಬೇರೆಯೇ ಇದೆ. ತಾನು ಕಲಿಸಿದವನನ್ನು ತಾನೇ ಪರೀಕ್ಷಿಸುವುದಕ್ಕೂ ನಿರ್ಬಂಧವಿದೆ. ಅಲ್ಲಿಯೂ ಕಳ್ಳದಾರಿಗಳು ಇರಬಹುದು. ಆದರೂ ತರಬೇತುದಾರನ ತೀರ್ಮಾನಕ್ಕೆ ಬೆಲೆ ಕೊಡುವ, ಅದನ್ನು ಮತ್ತೊಬ್ಬರು ಪರಿಶೀಲಿಸುವ ಕ್ರಮ ನಮಗೂ ಬೇಕು.

ಇದಕ್ಕೆ ದೊಡ್ಡ ಆಕ್ಷೇಪ ಹೊಟ್ಟೆಪಾಡಿನದು. ಸಾಲ ಮಾಡಿ ಫೀಸು ಕಟ್ಟಿದವನನ್ನು ವಾಪಸು ಕಳಿಸಿದರೆ ಅವನ ಮನೆ ನಡೆಯುವುದು ಹೇಗೆ? ಡ್ರೈವರುಗಳೇ ಸಿಗುತ್ತಿಲ್ಲವೆಂದು ಮಾಲೀಕರು ಗೋಳಾಡುವಾಗ ಇನ್ನಷ್ಟು ಬಿಗಿ ಯಾಕೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಅರೆಬರೆ ಕಲಿತವನನ್ನು ಘಾಟಿಗೆ ಕಳಿಸುವುದು ಅವನಿಗೆ ಮಾಡುವ ಉಪಕಾರವೇನಲ್ಲ. ಹೆಚ್ಚುವರಿ ತರಬೇತಿಯ ಖರ್ಚನ್ನು ಹುಡುಗನ ತಲೆಗೆ ಕಟ್ಟದೆ, ಡ್ರೈವರು ಬೇಕೆನ್ನುವ ಸಾರಿಗೆ ಉದ್ಯಮ ಮತ್ತು ಸರ್ಕಾರ ಹಂಚಿಕೊಳ್ಳಬೇಕು. ಆಗ ‘ಇನ್ನೆರಡು ವಾರ ಬಾ’ ಎನ್ನುವ ಮಾತು ಯಾರ ಹೊಟ್ಟೆಯ ಮೇಲೂ ಹೊಡೆಯುವುದಿಲ್ಲ.

ನಮ್ಮ ಸಿಟ್ಟೆಲ್ಲ ಅಪಘಾತ ನಡೆದ ಮೇಲೆ ಹೊರಬರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದೆಲ್ಲ ಲಾರಿಗಳ ಲೆಕ್ಕವಲ್ಲ, ಎಲ್ಲದಕ್ಕೂ ತರಬೇತಿಯ ಕೊರತೆಯೇ ಕಾರಣವೂ ಅಲ್ಲ. ಆದರೂ ನಾವು ಮೊದಲು ಯೋಚಿಸುವುದು ಶಿಕ್ಷೆಯನ್ನೇ. ಅಪಘಾತದಲ್ಲಿ ಸಾವಿಗೆ ಕಾರಣನಾಗಿ, ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಜೈಲು ಎಂದು ಭಾರತೀಯ ನ್ಯಾಯ ಸಂಹಿತೆ ಬರೆದುಕೊಂಡಿತು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಜುಲೈನಲ್ಲಿ ಸಂಹಿತೆ ಜಾರಿಯಾದಾಗ ಆ ಉಪವಿಧಿಯನ್ನು ತಡೆಹಿಡಿಯಲಾಯಿತು. ಆ ಗದ್ದಲದಲ್ಲಿ, ಆ ಚಾಲಕನನ್ನು ರಸ್ತೆಗೆ ಬಿಡಬಹುದು ಎಂದು ಸಹಿ ಹಾಕಿದವರ ಹೊಣೆ ಚರ್ಚೆಯ ಮುನ್ನೆಲೆಗೆ ಬರಲೇ ಇಲ್ಲ.

ಹೊಣೆ ಹೊರಿಸಬೇಕಾದರೆ ಮೊದಲು ಅಧಿಕಾರ ಕೊಡಬೇಕು. ತರಬೇತುದಾರನ ಸಂಬಳ ಎಷ್ಟು ಜನ ಪಾಸಾದರು ಎಂಬುದನ್ನು ನೆಚ್ಚಿರಬಾರದು. ಪರೀಕ್ಷೆಯನ್ನು ಹೊರಗಿನವರು ನಡೆಸಬೇಕು. ‘ಇನ್ನೂ ಆಗಿಲ್ಲ’ ಎಂದು ಆತ ಬರೆದದ್ದು ಹುಡುಗ ಬೇರೆ ಶಾಲೆಗೆ ಹೋದರೂ ದಾಖಲೆಯಲ್ಲಿ ಉಳಿಯಬೇಕು. ಇಷ್ಟಾದರೆ ಆತ ನಿಜವಾಗಿ ಮೇಷ್ಟ್ರು. ಇಲ್ಲವಾದರೆ ಗಂಟೆ ಎಣಿಸಿ ಫಾರಂ ತುಂಬುವ ಗುಮಾಸ್ತ. ಅಂಥವನ ಸಹಿ ನಂಬಿ ರಸ್ತೆ ದಾಟುವ ಧೈರ್ಯ ನಮಗೂ ಇರಬಾರದು.